ಡಾಕ್ಸಿಜನ್ ಓಡಿಸಿದೆ, ನಮ್ಮ ಕಾಮೆಂಟುಗಳ ಬಣ್ಣ ಬಯಲಾಯ್ತು

ನಮ್ಮದು ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸಿಕೊಳ್ಳುವ ಕೋಡು. ಕಾರ್ಖಾನೆಗಳ ಪ್ಯಾನೆಲ್ ಒಳಗಿರುವ ಎನರ್ಜಿ ಮೀಟರು, ಟೆಂಪರೇಚರ್ ಕಂಟ್ರೋಲರು ಇವುಗಳ ಜೊತೆ ಮಾಡ್‌ಬಸ್‌ನಲ್ಲಿ ಮಾತಾಡುವುದು ಅದರ ಕೆಲಸ. ಮಾಡ್‌ಬಸ್ 1979ರ ಪ್ರೋಟೋಕಾಲ್, ಅಜ್ಜನ ಕಾಲದ್ದು, ಆದರೂ ಇನ್ನೂ ಗಟ್ಟಿಯಾಗಿ ಕೂತಿದೆ. ಲೈಬ್ರರಿಗೆ ವರ್ಡ್‌ನಲ್ಲಿ ಮಾಡಿದ 70 ಪುಟದ ಮ್ಯಾನ್ಯುಯಲ್ ಇತ್ತು. ಹೊಸ ವರ್ಷನ್ ಬಿಟ್ಟಾಗಲೆಲ್ಲ ಯಾರಾದರೂ ಕೂತು ಅದನ್ನು ತಿದ್ದಬೇಕು. ಆ ಯಾರಾದರೂ ಅಂದರೆ ನಾನೇ. ತಿದ್ದಿ ಪಿಡಿಎಫ್ ಮಾಡುವಷ್ಟರಲ್ಲಿ ಕೋಡ್ ಮತ್ತೆ ಬದಲಾಗಿರುತ್ತಿತ್ತು. ಒಂದು ಸಲ ನಾವೇ ತೆಗೆದುಹಾಕಿದ್ದ ಫಂಕ್ಷನ್ನು ಮ್ಯಾನ್ಯುಯಲ್‌ನಲ್ಲಿ ಮೂರು ವರ್ಷನ್ ತನಕ ಆರಾಮಾಗಿ ಬದುಕಿತ್ತು.

ಸಾಕಾಗಿ ಡಾಕ್ಸಿಜನ್ ಕಡೆ ತಿರುಗಿದೆ. ಡಿಮಿಟ್ರಿ ವಾನ್ ಹೀಶ್ 1997ರಲ್ಲಿ ಬಿಟ್ಟ ಟೂಲ್ ಇದು. ಕೋಡಿನ ನಡುವೆ ನಾವು ಓದೋರಿಗಾಗಿ ಬರೆದಿಡುವ ಟಿಪ್ಪಣಿಗಳನ್ನು, ಅಂದರೆ ಕಾಮೆಂಟುಗಳನ್ನು, ಎತ್ತಿ ಮ್ಯಾನ್ಯುಯಲ್ ಪುಟಗಳನ್ನು ತಾನೇ ಮಾಡುತ್ತದೆ. ಎರಡು ನಕ್ಷತ್ರದ ಕಾಮೆಂಟು, ಅಂದರೆ /** ಅಂತ ಶುರುವಾಗುವುದು, ಜಾವಾ ಭಾಷೆಯ ಇಂಥದ್ದೇ ಟೂಲ್ ಆದ ಜಾವಾಡಾಕ್‌ನ ಶೈಲಿ. ಅದು ಡಾಕ್ಸಿಜನ್‌ಗೂ ಅರ್ಥವಾಗುತ್ತದೆ. ಒಂದೇ ನಕ್ಷತ್ರ ಇದ್ದರೆ ಮಾಮೂಲಿ ಕಾಮೆಂಟು, ಅದನ್ನು ಮುಟ್ಟುವುದಿಲ್ಲ. ಟರ್ಮಿನಲ್‌ನಲ್ಲಿ ಡಾಕ್ಸಿಜನ್ ಮೈನಸ್ ಜಿ ಅಂತ ಹೊಡೆದರೆ ಡಾಕ್ಸಿಫೈಲ್ ಅನ್ನೋ ಸೆಟ್ಟಿಂಗ್ ಫೈಲು ಬೀಳುತ್ತದೆ. ಅದರ ಉದ್ದ ನೋಡಿ ಹೆದರಬೇಡಿ. ನಾನು ಮುಟ್ಟಿದ್ದು ಹದಿನೈದು ಸಾಲು ಇರಬಹುದು.

ಮೊದಲ ದಿನ ಮಾಡಿದ ತಪ್ಪು ಎಕ್ಸ್‌ಟ್ರಾಕ್ಟ್ ಆಲ್ ಅನ್ನು ಯೆಸ್ ಮಾಡಿದ್ದು. ಕಾಮೆಂಟ್ ಇರಲಿ ಬಿಡಲಿ, ಕಂಡದ್ದಕ್ಕೆಲ್ಲ ಪುಟ ಮಾಡಿಬಿಡುತ್ತದೆ. ಸಂಜೆಯೊಳಗೆ ನೂರಾರು ಪುಟ, ಎಡಗಡೆ ಮೆನು, ಹುಡುಕೋ ಡಬ್ಬ, ಎಲ್ಲ ರೆಡಿ. ಮ್ಯಾನೇಜರ್ ನೋಡಿ "ಒಂದೇ ದಿನದಲ್ಲಿ ಮುಗಿಸಿಬಿಟ್ರಾ!" ಅಂದರು. ನಾನೂ ಸುಮ್ನೆ ನಕ್ಕೆ. ಒಳಗೆ ಏನೂ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ಫಂಕ್ಷನ್ ಹೆಸರು, ಕೆಳಗೆ ಅದೇ ಹೆಸರು ಇನ್ನೊಂದು ಸಲ, ಅಷ್ಟೇ. ಅದಕ್ಕಿಂತ ದೊಡ್ಡ ಕಷ್ಟ ಏನೆಂದರೆ, ಆ ಆಪ್ಷನ್ ಯೆಸ್ ಇದ್ದಾಗ "ಇದಕ್ಕೆ ವಿವರಣೆ ಇಲ್ಲ" ಅನ್ನುವ ವಾರ್ನಿಂಗುಗಳು ಬರುವುದೇ ಇಲ್ಲ.

ಮರುದಿನ ಅದನ್ನು ನೋ ಮಾಡಿದೆ. ಪುಟಗಳೆಲ್ಲ ಮಾಯ! ಕಾಮೆಂಟು ಬರೆದಿದ್ದ ಫಂಕ್ಷನ್ನುಗಳೂ ಕಾಣುತ್ತಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಕಾರಣ ಇಷ್ಟೇ: ಸಿ ಭಾಷೆಯಲ್ಲಿ ಫಂಕ್ಷನ್ನು, ಮ್ಯಾಕ್ರೋ, ಈನಮ್ (ಹೆಸರಿಟ್ಟ ಸಂಖ್ಯೆಗಳ ಪಟ್ಟಿ) ಎಲ್ಲ ನೇರವಾಗಿ ಫೈಲಿಗೆ ಸೇರಿದವು, ಯಾವ ಕ್ಲಾಸಿನ ಒಳಗೂ ಇರುವುದಿಲ್ಲ. ಹಾಗಾಗಿ ಆ ಫೈಲಿಗೇ ಒಂದು ಕಾಮೆಂಟು ಬೇಕು, ಹೆಡರಿನ (ಫಂಕ್ಷನ್ನುಗಳ ಪಟ್ಟಿ ಇರುವ ಫೈಲಿನ) ತಲೆಯ ಮೇಲೆ ಫೈಲ್ ಟ್ಯಾಗ್ ಹಾಕಿದ ಒಂದು ಸಾಲು. ಅದಿಲ್ಲದಿದ್ದರೆ ಒಳಗೆ ನೀವು ಎಷ್ಟೇ ಚೆನ್ನಾಗಿ ಬರೆದಿದ್ದರೂ ಪುಟಕ್ಕೆ ಬರುವುದಿಲ್ಲ. ಸಿ ಬರೆಯೋರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಆಮೇಲೆ ಬಂತು ವಾರ್ನಿಂಗುಗಳ ಮಳೆ. 412. ಅಷ್ಟನ್ನೂ ಕೂತು ತುಂಬಿಸೋಣ ಅಂತ ಹೊರಟು ಎರಡು ದಿನ ಮಾಡಿದ್ದು ಮಹಾ ದಡ್ಡತನ. ಅವಸರದಲ್ಲಿ ಬರೆದದ್ದು ಹೀಗಿತ್ತು: ಅಡ್ರೆಸ್ ಅನ್ನೋ ಪ್ಯಾರಾಮೀಟರ್ (ಫಂಕ್ಷನ್ನಿಗೆ ಕೊಡಬೇಕಾದ ಬೆಲೆ) ಮುಂದೆ "ರಿಜಿಸ್ಟರಿನ ಅಡ್ರೆಸ್". ಟೈಮೌಟ್ ಮುಂದೆ "ಟೈಮೌಟ್ ಬೆಲೆ". ವಾರ್ನಿಂಗ್ ಹೋಯ್ತು. ಓದೋನಿಗೆ ಏನು ಸಿಕ್ಕಿತು?

ಏನು ಸಿಕ್ಕಿತು ಅಂತ ಒಂದು ತಿಂಗಳಾದ ಮೇಲೆ ಗೊತ್ತಾಯ್ತು. ಸಪೋರ್ಟ್ ಹುಡುಗ ಫೋನ್ ಮಾಡಿದ. "ಸರ್, ಕಸ್ಟಮರ್‌ಗೆ ಎರರ್ 2 ಬರ್ತಿದೆ. ಮೀಟರ್‌ಗೆ ಆ ಫಂಕ್ಷನ್ ಸಪೋರ್ಟ್ ಇಲ್ಲ ಅಂತ ನಮ್ಮ ಪೇಜಲ್ಲೇ ಇದೆ. ಅವರು ಎರಡು ದಿನದಿಂದ ಬೇರೆ ಬೇರೆ ಫಂಕ್ಷನ್ ಕೋಡ್ ಹಾಕಿ ನೋಡ್ತಿದ್ದಾರೆ." ನನಗೆ ವಿಚಿತ್ರ ಅನ್ನಿಸಿತು. ಮಾಡ್‌ಬಸ್‌ನಲ್ಲಿ 1 ಅಂದರೆ ಫಂಕ್ಷನ್ ಸರಿಯಿಲ್ಲ, 2 ಅಂದರೆ ಅಡ್ರೆಸ್ ಸರಿಯಿಲ್ಲ, 3 ಅಂದರೆ ಕೊಟ್ಟ ಬೆಲೆ ಸರಿಯಿಲ್ಲ. ಸೋರ್ಸ್ ತೆಗೆದು ನೋಡಿದರೆ ಅದೂ ಹಾಗೇ ಇದೆ, ಒಂದೊಂದು ಕೋಡಿನ ಪಕ್ಕದಲ್ಲೇ ಅದರದರ ವಿವರಣೆ, ಚೊಕ್ಕವಾಗಿ. ಆದರೆ ಪುಟದಲ್ಲಿ 1ರ ಮುಂದೆ ಖಾಲಿ, 2ರ ಮುಂದೆ 1ರ ವಿವರಣೆ, 3ರ ಮುಂದೆ 2ರದ್ದು. ಬಸ್ಸಿನಲ್ಲಿ ಎಲ್ಲರೂ ಒಂದೊಂದು ಸೀಟು ಹಿಂದೆ ಸರಿದು ಕೂತ ಹಾಗೆ.

ತಪ್ಪಿದ್ದದ್ದು ಒಂದೇ ಒಂದು ಚಿಹ್ನೆ. /** ಅಂತ ಬರೆದರೆ ಡಾಕ್ಸಿಜನ್ ಲೆಕ್ಕದಲ್ಲಿ ಅದು ಮುಂದೆ ಬರುವುದರ ವಿವರಣೆ. ಹಿಂದೆ ಹೋದದ್ದರ ವಿವರಣೆ ಆಗಬೇಕಾದರೆ /**< ಅಂತ ಬಾಣ ತೋರಿಸಬೇಕು. ಪಕ್ಕದಲ್ಲಿ ಬರೆದ ಕಾಮೆಂಟು ನಮ್ಮ ಕಣ್ಣಿಗೆ ಅದೇ ಸಾಲಿನದ್ದು, ಟೂಲಿಗೆ ಕೆಳಗಿನ ಸಾಲಿನದ್ದು. ಕಂಪೈಲರ್ ಕಾಮೆಂಟನ್ನು ನೋಡುವುದಿಲ್ಲ, ಡಾಕ್ಸಿಜನ್ನೂ ಬಾಯಿ ಬಿಡಲಿಲ್ಲ.

ಕಸ್ಟಮರ್‌ಗೆ ಎರರ್ 2 ಯಾಕೆ ಬಂತು ಅಂದರೆ, ಅದೂ ನನ್ನದೇ ಪುಣ್ಯ. ಮೀಟರಿನ ಪುಸ್ತಕದಲ್ಲಿ ಮೊದಲ ಹೋಲ್ಡಿಂಗ್ ರಿಜಿಸ್ಟರನ್ನು (ಮೀಟರು ಒಂದು ಬೆಲೆ ಇಟ್ಟುಕೊಳ್ಳುವ ಜಾಗ) 40001 ಅಂತ ಅಚ್ಚು ಹಾಕಿರುತ್ತಾರೆ. ತಂತಿಯ ಮೇಲೆ ಹೋಗುವ ಅಡ್ರೆಸ್ 0. ನಮ್ಮ ಫಂಕ್ಷನ್ನಿಗೆ ಬೇಕಾದದ್ದು ಆ ಸೊನ್ನೆ. ಅವರು 40001 ಅಂತಲೇ ಕೊಟ್ಟಿದ್ದಾರೆ, ಅಂಥ ಅಡ್ರೆಸ್ ನನ್ನ ಹತ್ರ ಇಲ್ಲಪ್ಪ ಅಂತ ಮೀಟರು 2 ಅಂದಿದೆ. ನಾನು ಆ ಜಾಗದಲ್ಲಿ ಬರೆದಿದ್ದು "ರಿಜಿಸ್ಟರಿನ ಅಡ್ರೆಸ್"!

ಅಲ್ಲಿಂದ ಕಾಮೆಂಟ್ ಬರೆಯುವ ರೀತಿ ಬದಲಾಯಿಸಿಕೊಂಡೆ. ಆ ಸಪೋರ್ಟ್ ಹುಡುಗನೇ ಎದುರಿಗೆ ಕೂತು ಕೇಳುತ್ತಿದ್ದಾನೆ ಅಂದುಕೊಂಡು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳುತ್ತೇನೆ. "ನೋಡಪ್ಪ, ಪುಸ್ತಕದಲ್ಲಿ 40001 ಇದ್ರೆ ನೀನು 0 ಕೊಡು. ಟೈಮೌಟ್ ಮಿಲಿಸೆಕೆಂಡಲ್ಲಿ, 0 ಕೊಟ್ರೆ ಕಾಯೋದೇ ಇಲ್ಲ. ಈ ಬಫರ್ ನಾವು ಕೊಟ್ಟಿದ್ದು, ಫ್ರೀ ಮಾಡ್ಬೇಕಾದೋನು ನೀನು." ಹೇಳಿದ್ದನ್ನೇ ಇಂಗ್ಲಿಷಿಗೆ ಇಳಿಸುತ್ತೇನೆ. ತಮಾಷೆ ಅನ್ನಿಸಬಹುದು, ಆದರೆ "ಟೈಮೌಟ್ ಅಂದರೆ ಟೈಮೌಟ್ ಬೆಲೆ ಕಣಪ್ಪ" ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆಯಾಗುತ್ತೆ, ಅಲ್ವಾ?

ಉದಾಹರಣೆ ಕೋಡನ್ನು ಕಾಮೆಂಟಿನ ಒಳಗೆ ಬರೆಯುವುದನ್ನೂ ಬಿಟ್ಟೆ. ಸ್ನಿಪೆಟ್ ಅಂತ ಒಂದು ಟ್ಯಾಗ್ ಇದೆ. ಟೆಸ್ಟ್ ಫೈಲಿನಲ್ಲಿ ಬೇಕಾದ ನಾಲ್ಕು ಸಾಲಿನ ಮೇಲೆ ಕೆಳಗೆ ಒಂದು ಗುರುತು ಹಾಕಿಟ್ಟರೆ ಅಷ್ಟನ್ನು ಎತ್ತಿ ಪುಟಕ್ಕೆ ಹಾಕುತ್ತದೆ. ಟೆಸ್ಟು ದಿನಾ ಓಡುವುದರಿಂದ ಉದಾಹರಣೆ ಹಳಸುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಗ್ರಾಫ್‌ವಿಜ್ ಅನ್ನೋ ಚಿತ್ರ ಬಿಡಿಸುವ ಟೂಲ್ ಹಾಕಿ ಯಾವ ಫೈಲು ಯಾವುದನ್ನು ಎಳೆಯುತ್ತದೆ ಅಂತ ಚಿತ್ರಗಳನ್ನೂ ತೆಗೆಸಿದೆ. ನೋಡೋಕೆ ಚಂದ. ಯಾರೂ ನೋಡಲಿಲ್ಲ, ಬಿಲ್ಡ್ ನಿಧಾನವಾಯ್ತು, ತೆಗೆದೆ. ಟೂಡೂ ಲಿಸ್ಟನ್ನಂತೂ ತಪ್ಪದೆ ಆಫ್ ಮಾಡಿ. ಟೂಡೂ ಟ್ಯಾಗ್ ಹಾಕಿ ಬರೆದದ್ದನ್ನೆಲ್ಲ ಸೇರಿಸಿ ಅದು ತಾನಾಗಿಯೇ ಒಂದು ಪುಟ ಮಾಡುತ್ತದೆ, ಮತ್ತು ನಮ್ಮಲ್ಲೊಬ್ಬರು "ಇದು ಯಾಕೆ ಕೆಲಸ ಮಾಡುತ್ತಿದೆ ಅಂತ ದೇವರಿಗೇ ಗೊತ್ತು, ಸರಿ ಮಾಡಬೇಕು" ಅಂತ ಬರೆದಿದ್ದರು. ಪುಣ್ಯಕ್ಕೆ ಹೊರಗೆ ಹೋಗುವ ಹಿಂದಿನ ದಿನ ಕಣ್ಣಿಗೆ ಬಿತ್ತು.

412 ವಾರ್ನಿಂಗಿನ ಕಥೆಗೆ ಬಂದರೆ, ವಾರ್ನ್ ಆಸ್ ಎರರ್ ಆಪ್ಷನ್ ಯೆಸ್ ಮಾಡಿದರೆ ಮೊದಲ ವಾರ್ನಿಂಗಿಗೇ ನಿಂತುಬಿಡುತ್ತದೆ. ಅಷ್ಟು ಬಾಕಿ ಇಟ್ಟುಕೊಂಡು ಅದನ್ನು ಹಾಕುವ ಹಾಗಿಲ್ಲ. ಅದಕ್ಕೆ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ: ಇವತ್ತಿನ ಸಂಖ್ಯೆ ಒಂದು ಫೈಲಿನಲ್ಲಿ ಇರುತ್ತದೆ, ಯಾರ ಬದಲಾವಣೆಯಿಂದಾದರೂ ಅದು ಏರಿದರೆ ಬಿಲ್ಡ್ ಫೇಲ್, ಇಳಿದರೆ ಇಳಿದ ಸಂಖ್ಯೆಯೇ ಹೊಸ ಮಿತಿ. ಶುರುವಿನಲ್ಲಿ ಗೊಣಗಿದರು, ಆಮೇಲೆ ಫಂಕ್ಷನ್ ಮುಟ್ಟಿದೋರು ಅದರ ಕಾಮೆಂಟನ್ನೂ ಬರೆದು ಹೋಗುವುದು ರೂಢಿಯಾಯ್ತು. ಪ್ಯಾರಾಮೀಟರ್ ಹೆಸರು ಬದಲಾಯಿಸಿ ಕಾಮೆಂಟ್ ಮರೆತರೆ ಡಾಕ್ಸಿಜನ್ನೇ ಹಿಡಿಯುತ್ತದೆ. ಸೆಕೆಂಡನ್ನು ಮಿಲಿಸೆಕೆಂಡ್ ಮಾಡಿ ಮರೆತರೆ ಹಿಡಿಯುವುದಿಲ್ಲ. ಅದಕ್ಕೆ ಹೆಡರ್ ಫೈಲಿನ ಬದಲಾವಣೆಗಳನ್ನು ಈಗ ಬೇರೆಯಾಗಿ, ಇನ್ನೊಬ್ಬರು ಓದುತ್ತಾರೆ.

ಎಂಟು ತಿಂಗಳಲ್ಲಿ 412 ಇಳಿದು 11ಕ್ಕೆ ಬಂದಿದೆ. ಹನ್ನೊಂದೂ ಒಂದೇ ಹೆಡರಿನವು, ಸೀರಿಯಲ್ ಪೋರ್ಟ್ ತೆಗೆಯೋದು ಮುಚ್ಚೋದು ಅದರಲ್ಲಿದೆ. ಬರೆದದ್ದು ನಾನೇ. ಅದರಲ್ಲೊಂದು ಫಂಕ್ಷನ್ನು ಪೋರ್ಟನ್ನು ಎರಡು ಸಲ ಫ್ಲಶ್ ಮಾಡುತ್ತದೆ, ಅಂದರೆ ಉಳಿದ ಡೇಟಾ ಖಾಲಿ ಮಾಡುತ್ತದೆ. ಯಾಕೆ ಅಂತ ನನಗೆ ನೆನಪಿಲ್ಲ, ಒಂದನ್ನು ತೆಗೆಯೋಕೆ ಧೈರ್ಯವೂ ಇಲ್ಲ.