ಸೀಸನ್ನಿನ ಗಾಡಿ, ಆಫ್ ಸೀಸನ್ನಿನ ಕತ್ತಲೆ: ಒಂದು ಪ್ರವಾಸಿ ಊರಿನ ಪಾರ್ಕಿಂಗ್ ನೋಡಿಕೊಂಡ ನನ್ನ ಅನುಭವ

ಪ್ರವಾಸಿಗರನ್ನೇ ನಂಬಿಕೊಂಡ ಒಂದು ಚಿಕ್ಕ ಬೆಟ್ಟದ ಊರು. ಅದರ ಪುರಸಭೆಯಲ್ಲಿ ಪಾರ್ಕಿಂಗ್ ಮತ್ತು ಪ್ರವಾಸೋದ್ಯಮದ ಕೆಲಸ ನನ್ನ ಪಾಲಿಗೆ ಬಂದಾಗ ಮೇಜಿನ ಮೇಲೆ ಇದ್ದದ್ದು ಒಂದೇ ಫೈಲು. ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಬೇಕು ಎಂದು. ವ್ಯಾಪಾರಿಗಳು, ಲಾಡ್ಜಿನವರು, ಟ್ಯಾಕ್ಸಿಯವರು ಎಲ್ಲರೂ ಒಪ್ಪಿದ್ದರು. "ಜಾಗ ಸಾಲ್ತಿಲ್ಲ ಮೇಡಂ, ಮೊದಲು ಜಾಗ ಮಾಡಿಕೊಡಿ" ಎನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಶನಿವಾರ ಬೆಳಿಗ್ಗೆ ಮುಖ್ಯ ರಸ್ತೆಯಲ್ಲಿ ನಿಂತ ಯಾರೇ ಆದರೂ ನಂಬುತ್ತಿದ್ದರು.

ಆದರೂ ಅಷ್ಟು ದುಡ್ಡು ಸುರಿಯುವ ಮೊದಲು ಒಮ್ಮೆ ಎಣಿಸಿ ನೋಡೋಣ ಅನ್ನಿಸಿತು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಒಂದು ಬೀದಿಗೆ ಒಬ್ಬರು, ಕೈಯಲ್ಲಿ ನೋಟ್‌ಬುಕ್. ಬೆಳಿಗ್ಗೆ 7ರಿಂದ ರಾತ್ರಿ 9ರ ತನಕ ಗಂಟೆಗೊಮ್ಮೆ ಬೀದಿ ಸುತ್ತಿ, ನಿಂತ ಪ್ರತಿ ಗಾಡಿಯ ನಂಬರಿನ ಕೊನೆಯ 4 ಅಂಕಿ ಬರೆದುಕೊಳ್ಳಬೇಕು. ಸೀಸನ್ನಿನ ಒಂದು ಶನಿವಾರ ಮತ್ತು ಆಫ್ ಸೀಸನ್ನಿನ ಒಂದು ಬುಧವಾರ ಹೀಗೆ ಮಾಡಿದೆವು. ಕಾಲೇಜು ಹುಡುಗ ಹುಡುಗಿಯರು ಬಂದು ಕೈಜೋಡಿಸಿದರು. ಎರಡನ್ನೂ ಮಾಡಲೇಬೇಕು. ಸೀಸನ್ ಮಾತ್ರ ಎಣಿಸಿದರೆ ಊರಿನ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ರಾತ್ರಿ ನೋಟ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮುಖ್ಯ ರಸ್ತೆಯ ಒಳ್ಳೊಳ್ಳೆ ಜಾಗಗಳಲ್ಲಿ ಬೆಳಿಗ್ಗೆ ಬರೆದ ನಂಬರೇ ಸಂಜೆಯೂ ಇತ್ತು. ಅವು ಪ್ರವಾಸಿಗರ ಗಾಡಿಗಳಲ್ಲ. ಅಂಗಡಿ ಮಾಲೀಕರದ್ದು, ಲಾಡ್ಜಿನ ಸಿಬ್ಬಂದಿಯದ್ದು, ನಮ್ಮ ಕಚೇರಿಯವರದ್ದು. ಬೆಳಿಗ್ಗೆ ಪ್ರವಾಸಿಗರು ಏಳುವ ಮೊದಲೇ ಊರಿನವರೇ ಬಂದು ಮುಂದಿನ ಸಾಲು ತುಂಬಿಸುತ್ತಿದ್ದರು. ಆ ಪಟ್ಟಿಯಲ್ಲಿ ನನ್ನ ಕಾರಿನ ನಂಬರೂ ಇತ್ತು. ಮಾರನೇ ದಿನದಿಂದ ಅದನ್ನು ಅಲ್ಲಿ ನಿಲ್ಲಿಸುವುದನ್ನು ಬಿಟ್ಟೆ.

ಲೆಕ್ಕ ಸುಲಭ. ಒಂದು ಜಾಗದಲ್ಲಿ ಒಂದೇ ಕಾರು 12 ಗಂಟೆ ನಿಂತರೆ ಆ ಜಾಗ ದಿನಕ್ಕೆ ಒಬ್ಬರಿಗೆ ಮಾತ್ರ ಸಿಕ್ಕಂತೆ. ಅದೇ ಜಾಗದಲ್ಲಿ 2 ಗಂಟೆಗೊಮ್ಮೆ ಗಾಡಿ ಬದಲಾದರೆ 6 ಕಾರಿಗೆ ಸಿಗುತ್ತದೆ. ಅಂದರೆ ಅಂಗಡಿ ಮುಂದಿನ 10 ಗಾಡಿಗಳನ್ನು ಹಿಂದಕ್ಕೆ ಕಳಿಸಿದರೆ, ಒಂದು ಇಟ್ಟಿಗೆಯನ್ನೂ ಇಡದೆ ದಿನಕ್ಕೆ 60 ಗಿರಾಕಿಗಳ ಗಾಡಿಗೆ ಜಾಗ ಆಯಿತು.

ಕಟ್ಟಡದ ಲೆಕ್ಕವನ್ನೂ ಹೀಗೇ ಬಿಡಿಸಿ ನೋಡಿದೆ. ಒಂದು ಕಾರು ನಿಲ್ಲಲು ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಆದರೆ ಒಳಗೆ ಹೋಗಿ ಬರುವ ದಾರಿ ಸೇರಿಸಿದರೆ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಹಿಡಿಯುತ್ತದೆ. 200 ಕಾರಿಗೆ ಎಲ್ಲ ಮಹಡಿ ಸೇರಿ ಒಂದೂಕಾಲರಿಂದ ಒಂದೂವರೆ ಎಕರೆಯಷ್ಟು ನೆಲ. ಅದು ತುಂಬುವುದು ಸೀಸನ್ನಿನ ಕೆಲವು ವೀಕೆಂಡ್‌ಗಳಲ್ಲಿ ಮಾತ್ರ. ಉಳಿದ ದಿನ ಖಾಲಿ ಕಾಂಕ್ರೀಟು, ಅದಕ್ಕೆ ದೀಪ, ಕಾವಲು, ರಿಪೇರಿ. ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಕೂಡ ವರ್ಷದ ಅತಿ ಹೆಚ್ಚು ದಟ್ಟಣೆಯ ಗಂಟೆಗೆ ತಕ್ಕಂತೆ ರಸ್ತೆ ಕಟ್ಟುವುದಿಲ್ಲ. ವರ್ಷದ ಗಂಟೆಗಳನ್ನೆಲ್ಲ ಹೆಚ್ಚು ದಟ್ಟಣೆಯಿಂದ ಕಡಿಮೆಗೆ ಸಾಲಾಗಿ ಜೋಡಿಸಿದರೆ 30ನೆಯದಾಗಿ ಬರುವ ಗಂಟೆಯನ್ನು ಸಾಮಾನ್ಯವಾಗಿ ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಬೇರೆ ವ್ಯವಸ್ಥೆಯಿಂದ ನಿಭಾಯಿಸಬೇಕು. ಕಟ್ಟಡದ ಫೈಲನ್ನು ನಾನು ಬದಿಗಿಟ್ಟೆ. ಕೆಲವರಿಗೆ ಬಹಳ ಬೇಸರವಾಯಿತು.

ಆಗ ನನಗೆ ದಾರಿ ತೋರಿಸಿದ್ದು ಡೊನಾಲ್ಡ್ ಶೂಪ್ ಅವರ ಕೆಲಸ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಗರ ಯೋಜನೆಯ ಪ್ರಾಧ್ಯಾಪಕರಾಗಿದ್ದವರು, ಜೀವನವಿಡೀ ಪಾರ್ಕಿಂಗ್ ಬಗ್ಗೆಯೇ ಯೋಚಿಸಿದವರು. 1927ರಿಂದ 2001ರ ನಡುವೆ ಬೇರೆ ಬೇರೆ ನಗರಗಳಲ್ಲಿ ನಡೆದ 16 ಅಧ್ಯಯನಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದ್ದರು. ದಟ್ಟಣೆಯ ಪೇಟೆ ಬೀದಿಗಳಲ್ಲಿ ಸರಾಸರಿ 30% ಗಾಡಿಗಳು ಎಲ್ಲಿಗೂ ಹೋಗುತ್ತಿರಲಿಲ್ಲ, ಸುಮ್ನೆ ಜಾಗ ಹುಡುಕಿ ಸುತ್ತುತ್ತಿದ್ದವು. ಒಂದು ಜಾಗ ಸಿಗಲು ಸುಮಾರು 8 ನಿಮಿಷ. ಎಲ್ಲ ಬೀದಿಯಲ್ಲೂ ಹೀಗೇ ಅಂತಲ್ಲ, ಅವು ಮೊದಲೇ ತುಂಬಿದ್ದ ಬೀದಿಗಳು. ಆದರೆ ನಮ್ಮ ಶನಿವಾರದ ಮುಖ್ಯ ರಸ್ತೆ ಅಂಥದ್ದೇ ಅಲ್ವಾ? ಶೂಪ್ ಅವರ ಸೂತ್ರ ಸರಳ. ಬೀದಿಯ ಜಾಗ ಸುಮಾರು 85% ತುಂಬಿರಬೇಕು, ಏಳೆಂಟು ಜಾಗಕ್ಕೆ ಒಂದು ಖಾಲಿ ಇರಬೇಕು. ಹಾಗೆ ಖಾಲಿ ಉಳಿಯಲು ಎಷ್ಟು ಬೇಕೋ ಅಷ್ಟೇ ದರ ಇಡಬೇಕು. ಜಾಸ್ತಿಯೂ ಬೇಡ, ಕಡಿಮೆಯೂ ಬೇಡ.

ದರ ಎಂದ ಕೂಡಲೇ ಸಭೆಯಲ್ಲಿ ಗಲಾಟೆ ಶುರುವಾಯಿತು. "ದುಡ್ಡು ಕೇಳಿದರೆ ಗಿರಾಕಿ ಪಕ್ಕದ ಊರಿಗೆ ಹೋಗ್ತಾನೆ" ಎಂದು ಹಿರಿಯ ವ್ಯಾಪಾರಿಯೊಬ್ಬರು ಎದ್ದು ನಿಂತರು. ಆ ಭಯ ಸುಳ್ಳಲ್ಲ, ಅವರ ಅಂಗಡಿ ನಡೆಯುವುದೇ 4 ತಿಂಗಳ ವ್ಯಾಪಾರದಿಂದ. ನಾನು ಆಸ್ಪೆನ್ ಊರಿನ ವಿಷಯ ಹೇಳಿದೆ. ಅಮೆರಿಕದ ಕೊಲರಾಡೊದಲ್ಲಿರುವ ಆ ಸ್ಕೀಯಿಂಗ್ ಊರು 1995ರಲ್ಲಿ ಪೇಟೆಯೊಳಗೆ ಪಾರ್ಕಿಂಗ್ ದರ ಹಾಕಿದಾಗ ಊರಿನವರೇ ಹಾರ್ನ್ ಹೊಡೆದು ಪ್ರತಿಭಟಿಸಿದ್ದರು. ಅದೇ ವರ್ಷ ವಿಷಯ ಮತಕ್ಕೆ ಬಂದಾಗ ಅದೇ ಊರು ದರದ ಪರವಾಗಿ ನಿಂತಿತು. ಯಾಕೆಂದರೆ ಅಷ್ಟರಲ್ಲಿ ಅಂಗಡಿ ಮುಂದೆ ಜಾಗ ಸಿಗಲು ಶುರುವಾಗಿತ್ತು. ಸಭೆಯಲ್ಲಿ ಇದನ್ನು ಎಲ್ಲರೂ ನಂಬಿದರು ಎಂದು ಹೇಳಲಾರೆ. ಒಂದು ಸೀಸನ್ ಮಾತ್ರ ನೋಡೋಣ ಎಂಬಲ್ಲಿಗೆ ಬಂದು ನಿಂತರು. ನನಗೆ ಅಷ್ಟು ಸಾಕಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದರದ ಬೋರ್ಡು ಹಾಕುವ ಮೊದಲು ಕೆಲಸಗಾರರ ಗಾಡಿಗೆ ಜಾಗ ಮಾಡಬೇಕು. ನಾವು ಹಿಂದಿನ ರಸ್ತೆಯ ಖಾಲಿ ನಿವೇಶನವೊಂದನ್ನು ಬಾಡಿಗೆಗೆ ತೆಗೆದುಕೊಂಡು ಸಿಬ್ಬಂದಿಗೆ ಕೊಟ್ಟೆವು. ಮುಖ್ಯ ರಸ್ತೆಗೆ 6 ನಿಮಿಷದ ನಡಿಗೆ. ಕಾಗದದ ಮೇಲೆ ಚೆನ್ನಾಗಿತ್ತು, ಆದರೆ ಮೊದಲ ವಾರ ಅಲ್ಲಿ ಗಾಡಿಯೇ ಇಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಹೇಳಿದ ಮೇಲೆ ನನಗೆ ಗೊತ್ತಾಯಿತು. "ನನ್ನ ಡ್ಯೂಟಿ ಮುಗಿಯೋದು ರಾತ್ರಿ 10ಕ್ಕೆ ಮೇಡಂ. ಆ ದಾರೀಲಿ ಒಂದು ದೀಪ ಇಲ್ಲ." ನಾನು ಆ ದಾರಿಯಲ್ಲಿ ಹಗಲು ಮಾತ್ರ ನಡೆದಿದ್ದೆ. ಅವತ್ತು ರಾತ್ರಿ ಅವಳ ಜೊತೆ ನಡೆದೆ. ಎರಡು ವಾರದಲ್ಲಿ ದೀಪ ಬಂತು, ಪೊದೆ ಕಡಿಸಿದೆವು, ರಾತ್ರಿ 11ರ ತನಕ ಒಬ್ಬರು ಕಾವಲಿಗೆ ಬಂದರು. ಆಮೇಲೆ ಆ ಜಾಗ ತುಂಬಿತು.

ಮುಖ್ಯ ರಸ್ತೆಯಲ್ಲಿ ಕಡಿಮೆ ಹೊತ್ತಿಗೆ ಜಾಸ್ತಿ ದರ, ಹಿಂದಿನ ಬೀದಿಯಲ್ಲಿ ದಿನವಿಡೀ ನಿಲ್ಲಿಸಲು ಕಡಿಮೆ ದರ, ಊರಿನ ಅಂಚಿನಲ್ಲಿ ಉಚಿತ. ಇಷ್ಟೇ ವ್ಯವಸ್ಥೆ. ದರ ತಪ್ಪಿಸಲು ಮನೆಗಳಿರುವ ಓಣಿಗೆ ನುಗ್ಗುವವರು ಇದ್ದೇ ಇರುತ್ತಾರೆ. ಅಲ್ಲಿ ನಿವಾಸಿಗಳಿಗೆ ಪರ್ಮಿಟ್ ಕೊಟ್ಟೆವು. ಓಣಿಯಲ್ಲಿ ಎಷ್ಟು ಜಾಗವಿದೆಯೋ ಅಷ್ಟೇ ಪರ್ಮಿಟ್.

ಅಂಚಿನ ಉಚಿತ ಪಾರ್ಕಿಂಗ್‌ನಿಂದ ಊರೊಳಗೆ ಶಟಲ್ ಬಸ್ ಬೇಕು. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಇದನ್ನು ಬಹಳ ಕಾಲದಿಂದ ಮಾಡುತ್ತಿದೆ. ಪ್ರವಾಸಿಗರು 5 ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ಕಾರು ಬಿಟ್ಟು 12 ನಿಮಿಷದ ರೈಲಿನಲ್ಲಿ ಊರಿಗೆ ಹೋಗುತ್ತಾರೆ. ಅಮೆರಿಕದ ಜಿಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 2000ನೇ ಇಸವಿಯಿಂದ ಶಟಲ್ ಓಡುತ್ತಿದೆ, ಅದು ಓಡುವ ತಿಂಗಳುಗಳಲ್ಲಿ ಕಣಿವೆಯ ಒಳರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಇವನ್ನು ನೋಡಿ ಆಸೆಪಡುವುದು ಸುಲಭ. ಆದರೆ ಅಲ್ಲಿ ಬೇರೆ ದಾರಿಯೇ ಇಲ್ಲ, ಎಲ್ಲರೂ ಶಟಲ್ ಹತ್ತಲೇಬೇಕು. ನಮ್ಮಲ್ಲಿ ಶಟಲ್ ಕಾರಿನ ಜೊತೆ ಪೈಪೋಟಿ ಮಾಡಬೇಕಿತ್ತು.

ಮೊದಲ ತಿಂಗಳು ಅರ್ಧ ಗಂಟೆಗೊಂದು ಬಸ್ ಬಿಟ್ಟೆವು. ಯಾರೂ ಹತ್ತಲಿಲ್ಲ. 10 ನಿಮಿಷಕ್ಕೊಂದು ಮಾಡಿದಾಗ ಜನ ವೇಳಾಪಟ್ಟಿ ನೋಡುವುದನ್ನೇ ಬಿಟ್ಟು ಬಂದು ನಿಂತರು. ಇಡೀ ವಾರಕ್ಕೆ ಬಸ್ ಹರಡುವ ಬದಲು ಶನಿವಾರ ಭಾನುವಾರಕ್ಕೆ ಒಟ್ಟುಮಾಡಿದೆವು, ದುಡ್ಡು ಅಷ್ಟೇ ಖರ್ಚಾಯಿತು. ಕೊನೇ ಬಸ್ಸಿನ ವಿಷಯದಲ್ಲಿ ಮಾತ್ರ ದೊಡ್ಡ ಏಟು ತಿಂದೆವು. ಒಂದು ಸಂಜೆ ಸೂರ್ಯಾಸ್ತ ನೋಡಲು ಹೋದವರು ಇಳಿದು ಬರುವಷ್ಟರಲ್ಲಿ ಬಸ್ ನಿಂತುಹೋಗಿತ್ತು. ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಅಂಚಿನ ತನಕ ನಡೆದವರು ಮತ್ತೆ ನಮ್ಮ ಶಟಲ್ ನಂಬುತ್ತಾರಾ? ಈಗ ಅಂಚಿನಲ್ಲಿ ಒಂದೇ ಒಂದು ಕಾರು ಉಳಿದಿದ್ದರೂ ಕೊನೇ ಬಸ್ ಕಾಯುತ್ತದೆ.

"ಒಳಗೆ ಭರ್ತಿ" ಎಂಬ ಬೋರ್ಡು ಎಲ್ಲಿ ನಿಲ್ಲಬೇಕು ಅನ್ನುವುದೂ ಮುಖ್ಯ. ಅಂಚಿನ ಪಾರ್ಕಿಂಗ್‌ಗೆ ತಿರುಗುವ ದಾರಿಗಿಂತ ಮೊದಲು ಇರಬೇಕು. ನಮ್ಮದು ಮೊದಲು ತಿರುವು ದಾಟಿದ ಮೇಲೆ ಇತ್ತು. ಓದಿದವರೆಲ್ಲ ಇಕ್ಕಟ್ಟಿನ ರಸ್ತೆಯಲ್ಲಿ ಗಾಡಿ ತಿರುಗಿಸಲು ಹೋಗಿ ಹೊಸ ಜಾಮ್ ಮಾಡುತ್ತಿದ್ದರು.

ಬಂದ ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ಜನರಿಗೆ ಕಾಣಬೇಕು. ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನಾದಲ್ಲಿ 1993ರಲ್ಲಿ ಪಾರ್ಕಿಂಗ್ ದರ ವಸೂಲಿ ಮಾಡುವ ಮೀಟರ್ ಹಾಕಿದಾಗ ವ್ಯಾಪಾರಿಗಳು ಒಪ್ಪಿದ್ದೇ ಆ ದುಡ್ಡು ಅದೇ ಬೀದಿಗಳಿಗೆ ಖರ್ಚಾಗುತ್ತದೆ ಎಂಬ ಮಾತಿನ ಮೇಲೆ. ನಾವೂ ಬೇರೆ ಖಾತೆ ತೆರೆದೆವು. ಮೊದಲ ಖರ್ಚು ಶೌಚಾಲಯಕ್ಕೆ. ಅಂಗಡಿಯವರಿಗೂ ಪ್ರವಾಸಿಗರಿಗೂ ದಿನಾ ಬೇಕಾದದ್ದು ಅದೇ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ತಿಂಗಳಿಗೊಮ್ಮೆ ಅದೇ ಬೀದಿಯ ಬೋರ್ಡಿನಲ್ಲಿ ಬರೆಯುತ್ತೇವೆ. ಸಭೆಯಲ್ಲಿ ಎದ್ದು ನಿಂತಿದ್ದ ಆ ಹಿರಿಯರು ಈಗ ಬೋರ್ಡು ತಡವಾದರೆ ಫೋನ್ ಮಾಡುತ್ತಾರೆ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಮೊದಲ ವರ್ಷ ಸೀಸನ್ ಮುಗಿದ ಮೇಲೂ ಅದೇ ದರ ಮುಂದುವರಿಸಿದೆ. ವ್ಯವಸ್ಥೆ ಅಂದ ಮೇಲೆ ವರ್ಷಪೂರ್ತಿ ಒಂದೇ ಇರಲಿ ಎಂಬುದು ನನ್ನ ವಾದವಾಗಿತ್ತು. ಆಫ್ ಸೀಸನ್ನಿನಲ್ಲಿ ಪೇಟೆಗೆ ಬರುವುದು ಸುತ್ತಲಿನ ಹಳ್ಳಿಯವರು ಮತ್ತು ಊರಿನವರೇ. ಅರ್ಧ ಖಾಲಿ ರಸ್ತೆಯಲ್ಲಿ ಅವರ ಹತ್ತಿರ ದುಡ್ಡು ಕೇಳಿದ್ದು ನಾನು. ಔಷಧಿ ಅಂಗಡಿ, ಚಪ್ಪಲಿ ರಿಪೇರಿ, ಪುಸ್ತಕದ ಅಂಗಡಿ, ಇವಕ್ಕೆಲ್ಲ ವ್ಯಾಪಾರ ಕಡಿಮೆಯಾಯಿತು. ಜಾಗ ಖಾಲಿ ಇದ್ದಾಗ ದರಕ್ಕೆ ಅರ್ಥವೇ ಇಲ್ಲ ಎಂದು ಶೂಪ್ ಅವರ ಸೂತ್ರವೇ ಹೇಳುತ್ತದೆ, ನಾನು ಅದರ ಅರ್ಧ ಮಾತ್ರ ಓದಿಕೊಂಡಿದ್ದೆ. ಎರಡನೇ ವರ್ಷದಿಂದ ಆಫ್ ಸೀಸನ್ನಿನಲ್ಲಿ ಪೂರ್ತಿ ಉಚಿತ. ಶಾಲೆ, ಆಸ್ಪತ್ರೆಯ ಮುಂದೆ ಹೊತ್ತಿನ ಮಿತಿ ಮಾತ್ರ ಇದೆ.

ಈ ತಪ್ಪಿನಿಂದಲೇ ನನ್ನ ಗಮನ ಪೂರ್ತಿ ಆಫ್ ಸೀಸನ್ ಕಡೆ ಹೊರಳಿತು. ಮೊದಲು ನಾವು ಎಣಿಸುತ್ತಿದ್ದದ್ದು ಎಷ್ಟು ಜನ ಬಂದರು ಎಂದು. ಈಗ ಎಷ್ಟು ರಾತ್ರಿ ಉಳಿದರು ಎಂದು ಎಣಿಸುತ್ತೇವೆ. ಮೂರು ದಿನ ಉಳಿಯುವ ಕುಟುಂಬ ಒಮ್ಮೆ ಕಾರು ನಿಲ್ಲಿಸಿ ಊರೆಲ್ಲ ನಡೆದು ಓಡಾಡುತ್ತದೆ. ಬೆಳಿಗ್ಗೆ ಬಂದು ಸಂಜೆ ಹೋಗುವವರೂ ನಮಗೆ ಬೇಕು, ಆದರೆ ಅವರಿಗಾಗಿ ಇನ್ನಷ್ಟು ಜಾಹೀರಾತು ಬೇಡ. ತುಂಬಿದ ವೀಕೆಂಡ್‌ಗಳಿಗೆ ಹೊಸ ಉತ್ಸವ ಸೇರಿಸುವುದನ್ನು ನಿಲ್ಲಿಸಿದೆವು. ಅದೇ ದುಡ್ಡನ್ನು ಹವಾಮಾನಕ್ಕೆ ಕಟ್ಟುಬೀಳದ ಗುಂಪುಗಳನ್ನು ಕರೆಯಲು ಹಾಕಿದೆವು. ತರಬೇತಿ ಶಿಬಿರ, ಸಣ್ಣ ಸಮ್ಮೇಳನ, ಒಳಾಂಗಣ ಕ್ರೀಡಾಕೂಟ, ವಾರದ ಮಧ್ಯೆ ಬರಬಲ್ಲ ನಿವೃತ್ತರು. ಒಂದೆರಡು ಲಾಡ್ಜುಗಳು ಆಫ್ ಸೀಸನ್ನಿನಲ್ಲೂ ಬಾಗಿಲು ತೆರೆದಿಡಲು ಒಪ್ಪಿದರೆ ಸಾಕು, ಉಳಿದದ್ದು ನಿಧಾನಕ್ಕೆ ಬರುತ್ತದೆ. ಯಾವುದೂ ತೆರೆದಿಲ್ಲದ ಊರಿಗೆ ಯಾರೂ ಎರಡನೇ ಸಲ ಬರುವುದಿಲ್ಲ. ಅಂಚಿನ ಪಾರ್ಕಿಂಗ್ ಜಾಗವೂ ಆ ತಿಂಗಳುಗಳಲ್ಲಿ ಮಕ್ಕಳ ಆಟಕ್ಕೆ ಮೈದಾನವಾಗುತ್ತದೆ. ಕಾಂಕ್ರೀಟು ಕಟ್ಟಡ ಕಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಇದರಲ್ಲಿ ನನಗೆ ಅತಿ ಕಷ್ಟವೆನಿಸಿದ್ದು ಮನೆಗಳ ವಿಷಯ. ಬಾಡಿಗೆ ಮನೆಗಳು ಒಂದೊಂದಾಗಿ ಪ್ರವಾಸಿಗರ ವಸತಿಯಾಗಿ ಬದಲಾದವು. ಮಾಲೀಕರಿಗೆ ವೀಕೆಂಡ್ ಬಾಡಿಗೆ ಜಾಸ್ತಿ ಸಿಗುತ್ತದೆ, ಅವರನ್ನು ತಪ್ಪು ಅನ್ನಲಾರೆ. ಆದರೆ ನರ್ಸು, ಅಡುಗೆಯವರು, ಟೀಚರ್ ಎಲ್ಲಿರಬೇಕು? ದೂರ ಮನೆ ಮಾಡಿದರೆ ಅವರೂ ಕಾರೋ ಬೈಕೋ ತರುತ್ತಾರೆ, ಪಾರ್ಕಿಂಗ್ ಮತ್ತೆ ತುಂಬುತ್ತದೆ. ವರ್ಷವಿಡೀ ಊರಿನ ಕೆಲಸಗಾರರಿಗೆ ಬಾಡಿಗೆ ಕೊಡುವವರಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಶುರುಮಾಡಿದೆವು. ಕೆಲವರು ಬಂದಿದ್ದಾರೆ, ಸಾಲದು.

ಇದು ಎಷ್ಟು ಸುಧಾರಿಸಿದೆ ಎಂದು ತಿಳಿಯಲು ನಾನು ವರ್ಷಕ್ಕೊಮ್ಮೆ ಇನ್ನೊಂದು ಎಣಿಕೆ ಮಾಡುತ್ತೇನೆ. ಆಫ್ ಸೀಸನ್ನಿನ ನಡುವೆ, ರಜೆ ಇಲ್ಲದ ಒಂದು ಬುಧವಾರ, ಸಂಜೆ 7.30ರಿಂದ 8.30ರ ತನಕ, ಪ್ರತಿ ಬೀದಿಯಲ್ಲಿ ದೀಪ ಹತ್ತಿದ ಮನೆಗಳೆಷ್ಟು ಎಂದು. ಅದೇ ವಾರ, ಅದೇ ಹೊತ್ತು, ಅದೇ ದಾರಿ. ಹೋದ ಸಲ ಶಾಲೆಯ ಹಿಂದಿನ ಓಣಿಯಲ್ಲಿ, ಹಿಂದಿನ ವರ್ಷ ಕತ್ತಲಿದ್ದ 3 ಮನೆಗಳಲ್ಲಿ ದೀಪ ಇತ್ತು. ಒಂದರ ಮುಂದೆ ಮಕ್ಕಳ ಸೈಕಲ್ ನಿಂತಿತ್ತು. ಬೆಟ್ಟದ ಮೇಲಿನ ಬೀದಿ ಮಾತ್ರ ಇನ್ನೂ ಪೂರ್ತಿ ಕತ್ತಲೆಯೇ. ಮುಂದಿನ ವರ್ಷದ ರಿಯಾಯಿತಿಯನ್ನು ಮೊದಲು ಆ ಬೀದಿಗೆ ಕೊಡಬೇಕು ಎಂದು ಬರೆದು ಕಳಿಸಿದ್ದೇನೆ.