ಮಳೆಗಾಲದಲ್ಲಿ ಎಂಜಿನ್, ಚಳಿಯಲ್ಲಿ ಬಣ್ಣ: ನಿವೃತ್ತರ ಅಂಗಳದಲ್ಲಿ ಒಂದು ಎಂಜಿಎ

ಬ್ಯಾಂಕಿನಿಂದ ನಿವೃತ್ತನಾದ ವರ್ಷ, ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್ಡಿನಲ್ಲಿದ್ದ ಎಂಜಿಎ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಲಾರಿಗೆ ಹೇರಿಸಿಕೊಂಡು ಉಡುಪಿಗೆ ಬಂದೆ. ಟೈರಿನಲ್ಲಿ ಗಾಳಿ ಇರಲಿಲ್ಲ, ಎಂಜಿನ್ ಜಾಮ್ ಆಗಿತ್ತು, ಸೀಟಿನೊಳಗೆ ಇಲಿಗೂಡು. ಮೂರು ಮಳೆಗಾಲ ದಾಟಿದ ಮೇಲೆ ಅದೇ ಕಾರು ಮಲ್ಪೆಯಿಂದ ಕಾಪುವಿನ ತನಕ ಓಡಿತು. ಈಗ ನಿವೃತ್ತಿಯ ಹೊಸ್ತಿಲಲ್ಲಿರುವ ಗೆಳೆಯರು ಕೇಳುತ್ತಾರೆ, "ನನಗೂ ಇಂಥದೊಂದು ಮಾಡುವ ಆಸೆ ಉಂಟು ಮಾರಾಯ್ರೇ, ಎಲ್ಲಿಂದ ಶುರು ಮಾಡುವುದು?"

ಕ್ಯಾಲೆಂಡರಿನಿಂದ ಶುರು ಮಾಡಿ ಎನ್ನುತ್ತೇನೆ. ಕಾರು ರಿಪೇರಿ ಪುಸ್ತಕಗಳಲ್ಲಿರುವ ಕ್ರಮ ಇಂಗ್ಲೆಂಡಿನ ಹವೆಗೆ ಸರಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯಲ್ಲೇ ಉಪ್ಪು. ಯಾವ ಕೆಲಸವನ್ನು ಯಾವ ತಿಂಗಳಲ್ಲಿ ಮಾಡುತ್ತೀರಿ ಎನ್ನುವುದರ ಮೇಲೆಯೇ ಕಾರು ಹತ್ತು ವರ್ಷ ಬಾಳುತ್ತದೋ ಎರಡೇ ವರ್ಷಕ್ಕೆ ಮತ್ತೆ ತುಕ್ಕು ಹಿಡಿಯುತ್ತದೋ ಎನ್ನುವುದು ನಿಂತಿದೆ.

ಯಾವ ಕಾರು ಆರಿಸಬೇಕು

ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ನಮ್ಮ ಊರಿನಲ್ಲಿ ರಿಪೇರಿಗೆ ಸುಲಭವಾದದ್ದು ಎಂಜಿಎ ಎಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಕಾರುಗಳು ತಯಾರಾದವು. ಮೊದಲ ಮಾದರಿಗೆ ಇದ್ದದ್ದು 1489 ಸಿಸಿಯ ಬಿ-ಸೀರೀಸ್ ಎಂಜಿನ್. ಈ ಸಂಖ್ಯೆ ಎಲ್ಲೋ ಕೇಳಿದಂತಿದೆ ಅಲ್ವಾ? ನಮ್ಮ ಅಂಬಾಸಿಡರ್ ಪೆಟ್ರೋಲ್ ಕಾರಿನಲ್ಲಿ ದಶಕಗಳ ಕಾಲ ಓಡಿದ್ದೂ ಇದೇ ಕುಟುಂಬದ 1489 ಸಿಸಿ ಎಂಜಿನ್. ನಾನು ಬಾನೆಟ್ ಎತ್ತಿ ತೋರಿಸಿದಾಗ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಎರಡು ನಿಮಿಷ ಸುಮ್ನೆ ನೋಡಿದರು. ಆಮೇಲೆ, "ಇದು ನಮ್ಮ ಅಂಬಾಸಿಡರೇ ಅಲ್ವಾ ಸಾರ್, ಕಾರ್ಬರೇಟರ್ ಮಾತ್ರ ಎರಡು ಉಂಟು" ಎಂದರು. ಆ ದಿನ ನನ್ನ ಅರ್ಧ ಚಿಂತೆ ಕಳೆಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತರೂ ಅದನ್ನು ಬಿಚ್ಚಿ ಕಟ್ಟಿದ ಕೈಗಳು ಇನ್ನೂ ನಮ್ಮ ನಡುವೆ ಇವೆ. ಅಂಥವರೊಬ್ಬರನ್ನು ಹುಡುಕಿಕೊಂಡ ಮೇಲೆಯೇ ಕಾರು ಕೊಳ್ಳಿ.

ಇನ್ನೊಂದು ಅನುಕೂಲ, ಎಂಜಿಎಗೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ. ರೆಕ್ಕೆಗಳು, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡುಗಳು, ಬೋಲ್ಟಿನಲ್ಲಿ ಕೂತಿವೆ, ಬಿಚ್ಚಿ ತೆಗೆಯಬಹುದು. ರಬ್ಬರು, ಗ್ಯಾಸ್ಕೆಟ್, ಬಾಗಿಲ ಕೆಳಗಿನ ಪಟ್ಟಿಯಂಥ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಸಾಗಣೆ ಖರ್ಚು, ಸುಂಕ ಎರಡೂ ಇರುವುದರಿಂದ ಪೂರ್ತಿ ಪಟ್ಟಿ ಮಾಡಿ ಒಂದೇ ಸಲ ತರಿಸಿ.

ಕೈಯಲ್ಲಿ ಕಾಗದ ಇರಲಿ

ದುಡ್ಡು ಕೊಡುವ ಮೊದಲು ಆರ್‌ಸಿ ನೋಡಿ. ಎಂಜಿನ್ ಹಿಂದಿನ ತಗಡಿನ ಮೇಲಿರುವ ಪ್ಲೇಟಿನ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. ಆರ್‌ಸಿಯಲ್ಲಿರುವ ಯಜಮಾನರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ನಿಮ್ಮ ಹೆಸರಿಗೆ. ಹಳೆಯ ತೋಟದ ಕಾರುಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ನಿಯಮ ತಂದಿತು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000. ಹೊಸ ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದರೆ ಹಳೆಯ ನಂಬರ್ ಉಳಿಸಿಕೊಳ್ಳಬಹುದು. ಈ ನೋಂದಣಿ ಇದ್ದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಅಲ್ಲ. ಚಾಸಿ, ಬಾಡಿ, ಎಂಜಿನ್ ಮೂಲರೂಪ ಬಿಟ್ಟು ಬದಲಾಗಿರಬಾರದು ಎನ್ನುವ ಷರತ್ತೂ ಇದೆ. ಹಾಗಾಗಿ "ಡೀಸೆಲ್ ಎಂಜಿನ್ ಕೂರಿಸುವ, ಮೈಲೇಜ್ ಬರ್ತದೆ" ಎನ್ನುವವರ ಮಾತು ಕೇಳಬೇಡಿ.

ಚಾಸಿ ನಂಬರ್ ಕೊಟ್ಟರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಹಣ ಪಡೆದು ಹೆರಿಟೇಜ್ ಸರ್ಟಿಫಿಕೇಟ್ ಕಳಿಸುತ್ತಾರೆ. ಕಾರು ತಯಾರಾದ ದಿನ, ಮೊದಲ ಬಣ್ಣ ಅದರಲ್ಲಿ ಇರುತ್ತದೆ. ನನ್ನ ಕಾರಿಗೆ ಯಾರೋ ಕೆಂಪು ಬಳಿದಿದ್ದರು. ಕಾರ್ಖಾನೆಯಲ್ಲಿ ಹಚ್ಚಿದ್ದು ಓಲ್ಡ್ ಇಂಗ್ಲಿಷ್ ವೈಟ್ ಎಂದು ಗೊತ್ತಾದದ್ದು ಆ ಹಾಳೆಯಿಂದ.

ಜೂನ್‌ನಿಂದ ಸೆಪ್ಟೆಂಬರ್: ಎಂಜಿನ್

ಮಳೆ ಹಿಡಿದ ಮೇಲೆ ಶೆಡ್ಡಿನೊಳಗೆ ಕೂತು ಮಾಡುವ ಕೆಲಸ ಇದು. ಬಾಡಿಯ ಕೆಲಸಕ್ಕೆ ಕೈ ಹಾಕಬೇಡಿ. ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಇಳಿಸಿ. ಒಂದೊಂದು ಭಾಗ ತೆಗೆಯುವ ಮೊದಲು ಮೊಬೈಲಿನಲ್ಲಿ ಮೂರು ಕೋನದಿಂದ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ, ಚೀಟಿ ಬರೆದು ಒಳಗಿಡಿ. ಕವರಿನ ಮೇಲೆ ಬರೆದ ಪೆನ್ನಿನ ಅಕ್ಷರ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಾಗ ಅಳಿಸಿ ಹೋಗಿರುತ್ತದೆ.

ನಟ್ಟುಗಳೆಲ್ಲ ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪಾನರ್ ಹಾಕಿದರೆ ಕೂತಂತೆ ಅನಿಸುತ್ತದೆ, ಬಲ ಹಾಕಿದಾಗ ಜಾರಿ ಮೂಲೆ ಸವೆಯುತ್ತದೆ. ಇಂಚಿನ ಸೆಟ್ ಒಂದನ್ನು ಕೊಳ್ಳಿ, ಇಲ್ಲವೇ ಅಂಬಾಸಿಡರ್ ಮೆಕ್ಯಾನಿಕ್‌ಗಳಲ್ಲಿ ಕೇಳಿ.

ಜಾಮ್ ಆದ ಎಂಜಿನನ್ನು ಸೆಲ್ಫ್ ಹೊಡೆದು ಬಿಡಿಸಲು ಹೋಗಬೇಡಿ. ಪಿಸ್ಟನ್ ರಿಂಗ್ ಮುರಿಯುತ್ತದೆ. ಪ್ಲಗ್ ತೆಗೆದು, ಒಂದೊಂದು ಸಿಲಿಂಡರಿಗೂ ಸ್ವಲ್ಪ ಡೀಸೆಲ್, ಸ್ವಲ್ಪ ತೆಳು ಆಯಿಲ್ ಬೆರೆಸಿ ಹೊಯ್ಯಿರಿ. ವಾರ ಬಿಡಿ. ಮತ್ತೆ ಹೊಯ್ಯಿರಿ. ಈ ಕಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಲು ಬರುತ್ತದೆ. ಕೈಯಲ್ಲೇ ಅತ್ತಿತ್ತ ಮೆಲ್ಲಗೆ ಆಡಿಸಿ. ನನ್ನದು ಇಪ್ಪತ್ತಮೂರನೆಯ ದಿನ ಒಂದು ಅಂಗುಲ ತಿರುಗಿತು. ಆ ಸಣ್ಣ ಅಲುಗಾಟ ಕೈಗೆ ತಾಗಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ.

ಬ್ಲಾಕನ್ನು ರೀಬೋರಿಂಗ್ ಮಾಡುವಲ್ಲಿ ಅಳತೆ ಹಿಡಿಸಿ. ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿಲಿಮೀಟರ್. ಅಂಬಾಸಿಡರಿನದೂ ಅಷ್ಟೇ. ಆದರೆ ಅಂಬಾಸಿಡರ್ ಪಿಸ್ಟನ್ ಸಿಕ್ಕಿತೆಂದು ಕಣ್ಣು ಮುಚ್ಚಿ ಹಾಕಬೇಡಿ. ಎಂಜಿಎಗೆ ಕಂಪ್ರೆಶನ್ ಜಾಸ್ತಿ. ಹಳೆಯ ಪಿಸ್ಟನ್ ಪಕ್ಕದಲ್ಲಿಟ್ಟು ತಲೆಯ ಆಕಾರ, ಪಿನ್ನಿನ ಎತ್ತರ ಹೋಲಿಸಿ. ಹೆಡ್ ಕೆಳಗಿದ್ದಾಗಲೇ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟ್ (ವಾಲ್ವು ಕೂರುವ ಉಂಗುರ) ಕೂರಿಸಿ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು, ನಮ್ಮ ದೇಶದಲ್ಲಿ ಆ ಪೆಟ್ರೋಲು 2000ರಲ್ಲೇ ನಿಂತಿತು. ಸೀಸ ಇಲ್ಲದಿದ್ದರೆ ಹಳೆಯ ಸೀಟ್ ಮೆಲ್ಲಮೆಲ್ಲಗೆ ಸವೆಯುತ್ತದೆ.

ಕ್ರ್ಯಾಂಕಿನ ಹಿಂಭಾಗದಲ್ಲಿ ಈ ಎಂಜಿನಿಗೆ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ಒಳಗೆ ತಳ್ಳುವ ಸುರುಳಿ ಗೀರು ಮಾತ್ರ ಇದೆ. ನಿಲ್ಲಿಸಿದ ಜಾಗದಲ್ಲಿ ಒಂದೆರಡು ಹನಿ ಬಿದ್ದರೆ ಕಟ್ಟಿದವರ ತಪ್ಪಲ್ಲ.

ದೀಪಾವಳಿಯ ನಂತರ: ತುಕ್ಕು

ಹಣ, ಸಮಯ ಎರಡೂ ಅತಿ ಹೆಚ್ಚು ಹೋಗುವುದು ಇಲ್ಲಿ, ಹೋಗಬೇಕಾದ್ದೂ ಇಲ್ಲೇ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಕಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಬಾಗಿಲು ತೂಗುವ ಕಂಬದ ಬುಡ, ರೆಕ್ಕೆಗಳ ಕೆಳತುದಿ, ನೆಲದ ಹಲಗೆ ಕೂರುವ ಚಾಸಿ ಪಟ್ಟಿ, ಸೀಟಿನ ಹಿಂದೆ ಬ್ಯಾಟರಿ ಇಡುವ ತೊಟ್ಟಿಲು, ಇವು ಮೊದಲು ಹೋಗುವ ಜಾಗಗಳು.

ಬಾಡಿಯನ್ನು ಚಾಸಿಯ ಮೇಲೆ ಬೋಲ್ಟ್ ಬಿಗಿದ ಸ್ಥಿತಿಯಲ್ಲೇ ಬಾಗಿಲ ಕೆಳಗಿನ ಪಟ್ಟಿ ಕತ್ತರಿಸಬೇಕು. ಅದಕ್ಕೂ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ. ಈ ಕಾರಿಗೆ ಲೋಹದ ಮೇಲ್ಛಾವಣಿ ಇಲ್ಲ, ಆ ಪಟ್ಟಿ ಹೋದರೆ ಬಾಡಿ ನಡುವಿನಲ್ಲಿ ಬಾಗುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಒಂದು ಬದಿ ಮುಗಿಸಿ, ಬಾಗಿಲು ತೂಗಿಸಿ ಸಂದು ನೋಡಿ, ಆಮೇಲೆ ಇನ್ನೊಂದು ಬದಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕಳಚಿ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಡಿ, ಅದರ ತೂತಿಗೆ ನೀವಾಗಿ ವೆಲ್ಡಿಂಗ್ ಮಾಡಲೇಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ.

ಟಿಂಕರಿಂಗಿನವರು "ಪುಟ್ಟಿ ಹಾಕಿ ಕೊಡ್ತೇನೆ, ಗೊತ್ತೇ ಆಗುದಿಲ್ಲ" ಎನ್ನುತ್ತಾರೆ. ಪ್ರೀತಿಯಿಂದಲೇ ಬೇಡ ಎನ್ನಿ. ತುಕ್ಕಿನ ಮೇಲೆ ಹಾಕಿದ ಪುಟ್ಟಿ ನಮ್ಮಲ್ಲಿ ಎರಡು ಮಳೆಗಾಲ ತಾಳುವುದಿಲ್ಲ. ಹೊಸ ತಗಡು ಬೆಸೆದ ಮೇಲೆ ಬೆರಳಿಗೆ ತಾಗುವಷ್ಟು ಏರುತಗ್ಗಿಗೆ ಮಾತ್ರ ಪುಟ್ಟಿ.

ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳದ ಹೊರಮೈ ಅಲ್ಯೂಮಿನಿಯಂ. ಅದು ಉಕ್ಕಿನ ಚೌಕಟ್ಟಿಗೆ ತಾಗುವ ಅಂಚಿನಲ್ಲಿ ಉಪ್ಪುಗಾಳಿಯ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಆ ಅಂಚನ್ನು ಬಿಡಿಸಿ, ಶುಚಿ ಮಾಡಿ, ಎರಡೂ ಲೋಹಗಳ ನಡುವೆ ಪ್ರೈಮರ್ ಮತ್ತು ಸೀಲಂಟ್ ಹಚ್ಚಿ ಮತ್ತೆ ಮಡಚಿಸಿ.

ಜನವರಿ, ಫೆಬ್ರವರಿ: ಬಣ್ಣ

ಗಾಳಿ ಒಣಗಿರುವ ಈ ಎರಡು ತಿಂಗಳು ನಮಗೆ ಚಿನ್ನ. ಬಾಡಿ ಎತ್ತಿ ಚಾಸಿಯನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡಿ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಬಾಡಿಯ ತೆಳು ತಗಡು, ಅಲ್ಯೂಮಿನಿಯಂ ಭಾಗ ಮಾತ್ರ ಬ್ಲಾಸ್ಟಿಂಗಿಗೆ ಬೇಡ, ಅಲೆಯಲೆಯಾಗಿ ಸೊಟ್ಟಗಾಗುತ್ತವೆ. ಅವಕ್ಕೆ ಪೇಂಟ್ ರಿಮೂವರ್, ಉಜ್ಜುವ ಕಾಗದ. ಬೆಳಿಗ್ಗೆ ಬ್ಲಾಸ್ಟ್ ಆದ ಕಬ್ಬಿಣಕ್ಕೆ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ ಬೀಳಲೇಬೇಕು. ರಾತ್ರಿ ಹಾಗೇ ಬಿಟ್ಟರೆ ಮರುದಿನ ಕಂದು ಪುಡಿ ಎದ್ದಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ.

ನಾನೊಂದು ತಪ್ಪು ಮಾಡಿದೆ. ಹಿಂದಿನ ಎರಡು ರೆಕ್ಕೆಗಳ ಕೆಲಸ ತಡವಾಗಿ, ಮೇ ಮಧ್ಯದ ಸೆಕೆಯಲ್ಲಿ ಬಣ್ಣ ಹೊಡೆಸಿದೆ. ನೋಡಲು ಚೆನ್ನಾಗಿಯೇ ಬಂತು. ಆಟಿಯಲ್ಲಿ ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಬಣ್ಣದಡಿ ಸಿಕ್ಕಿಕೊಂಡ ತೇವ, ಉಪ್ಪಿನ ಕಣ ಹೊರಗಿನ ನೀರನ್ನೂ ಒಳಗೆ ಎಳೆದುಕೊಂಡಿದ್ದವು. ಎರಡೂ ರೆಕ್ಕೆಗಳನ್ನು ತಗಡಿನ ತನಕ ಉಜ್ಜಿ ಮುಂದಿನ ಜನವರಿಗೆ ಕಾಯಬೇಕಾಯಿತು. ಮಾರ್ಚ್ ದಾಟಿದರೆ ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಚಾಸಿಯ ಪೆಟ್ಟಿಗೆಯಂಥ ಒಳಭಾಗಗಳಿಗೆ ನಳಿಕೆ ತೂರಿಸಿ ಮೇಣದ ಸ್ಪ್ರೇ ಹೊಡೆಯಿರಿ. ಕಾರಿನ ಅಡಿಭಾಗಕ್ಕೆ ದಪ್ಪ ಟಾರಿನಂಥ ಕೋಟಿಂಗ್ ಬೇಡ. ಅದು ಬಿರುಕು ಬಿಟ್ಟರೆ ನೀರನ್ನು ಒಳಗೇ ಹಿಡಿದಿಡುತ್ತದೆ.

ನೆಲದ ಹಲಗೆ ಈ ಕಾರಿನಲ್ಲಿ ಮೂಲತಃ ಪ್ಲೈವುಡ್. ಮಲ್ಪೆಯ ದೋಣಿಯವರು ಬಳಸುವ ಮರೈನ್ ಪ್ಲೈ ಇದಕ್ಕೆ ಹೇಳಿ ಮಾಡಿಸಿದ್ದು. 12 ಮಿಲಿಮೀಟರಿನದು ತನ್ನಿ. ಪ್ಲೈ ನೀರು ಕುಡಿಯುವುದು ಅಂಚಿನಿಂದ. ಕತ್ತರಿಸಿದ ಅಂಚಿಗೆ, ಬೋಲ್ಟಿನ ತೂತಿನ ಒಳಗೂ ಎಪಾಕ್ಸಿ ಹಚ್ಚಿ. ದೋಣಿ ಕಟ್ಟುವವರೊಬ್ಬರು ನನಗೆ ಇದನ್ನು ತೋರಿಸಿಕೊಟ್ಟರು.

ಜೋಡಣೆ

ಬ್ರೇಕ್ ಮೊದಲು. ಇಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್, ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಹಳೆಯ ಒಂದು ಪೈಪನ್ನೂ ಉಳಿಸಬೇಡಿ. ತುಕ್ಕು ಹಿಡಿಯದ ತಾಮ್ರ-ನಿಕಲ್ ಪೈಪ್ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಬದಲಿಸಿ.

ವಯರಿಂಗ್ ಮಾಡುವವರಿಗೆ ಮೊದಲೇ ಹೇಳಿ, ಈ ಕಾರಿನಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪ್ಲಸ್. ಇಂದಿನ ಕಾರಿಗೆ ತದ್ವಿರುದ್ಧ. ಗೊತ್ತಿಲ್ಲದೆ ಈಗಿನ ಎಲೆಕ್ಟ್ರಾನಿಕ್ ಸಾಮಾನು ಜೋಡಿಸಿದರೆ ಸುಟ್ಟುಹೋಗುತ್ತದೆ. ಬಣ್ಣಗಳ ಲೆಕ್ಕ ಸುಲಭ: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ದಾಟಿ ಫ್ಯೂಸ್ ಮೂಲಕ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ಲೈಟ್, ಕಪ್ಪು ಅರ್ಥ್. ಮೂಲದಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳಿದ್ದವು. ಹನ್ನೆರಡು ವೋಲ್ಟಿನದು ಒಂದೇ ಸಾಕು.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ. ಪೈಪುಗಳನ್ನೂ ಪಂಪಿನ ಡಯಾಫ್ರಮನ್ನೂ ಎಥೆನಾಲ್ ತಾಳುವಂಥದಕ್ಕೆ ಬದಲಿಸಿ.

ಸೀಟಿಗೆ ಮೂಲದಲ್ಲಿದ್ದದ್ದು ಚರ್ಮ. ನಾನು ಚರ್ಮವನ್ನೇ ಹಾಕಿಸಿದೆ. ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ವಾರಕ್ಕೊಮ್ಮೆ ಒರೆಸುತ್ತೇನೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಪ್ಲಗ್ ತೆಗೆದಿಟ್ಟು, ಆಯಿಲ್ ಗೇಜಿನ ಮುಳ್ಳು ಏಳುವ ತನಕ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ. ಇಗ್ನಿಷನ್ ತಿರುಗಿಸಿದರೆ ಹಿಂದಿನಿಂದ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಕೇಳಬೇಕು. ಕಾರ್ಬರೇಟರ್ ತುಂಬಿದ ಮೇಲೆ ಅದು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲೋ ಸೋರಿಕೆ ಇದೆ, ಸ್ಟಾರ್ಟ್ ಮಾಡಬೇಡಿ.

ಮೇ 24ರ ಆಸುಪಾಸಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವಲ್ಲ, ನನ್ನ ಕಾರೂ ಆಗಲೇ ಶೆಡ್ ಸೇರುತ್ತದೆ. ಹಿಂದಿನ ದಿನ ಅಡಿಭಾಗಕ್ಕೆ ಸಿಹಿನೀರು ಹೊಡೆದು ಕಡಲ ಬದಿಯ ಉಪ್ಪು ತೆಗೆಯುತ್ತೇನೆ, ಪೂರ್ತಿ ಒಣಗಿಸುತ್ತೇನೆ. ಟ್ಯಾಂಕ್ ಖಾಲಿ ಮಾಡುತ್ತೇನೆ, ಬ್ಯಾಟರಿ ಕಳಚುತ್ತೇನೆ. ಬಟ್ಟೆಯ ಹುಡ್ಡನ್ನು ಮಡಚದೆ ಬಿಡಿಸಿಯೇ ಇಡುತ್ತೇನೆ, ಮಡಚಿಟ್ಟರೆ ಮಡಿಕೆಯಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸುವುದಿಲ್ಲ, ಹಳೆಯ ಹತ್ತಿ ಬೆಡ್‌ಶೀಟು ಸಾಕು. ಮಳೆ ಬಿಟ್ಟ ದಿನ ಶೆಡ್ಡಿನ ಬಾಗಿಲು ತೆಗೆದು, ಹ್ಯಾಂಡಲ್ ಹಾಕಿ ಎಂಜಿನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬರುತ್ತೇನೆ.