ಮಂತ್ರಕ್ಕೂ ಕತ್ತಿಗೂ ಸರಿಸಮನಾದ ತಡೆ: ಡಂಜನ್ ಮಾಸ್ಟರ್ ಆಗಿ ನನ್ನ ಅನುಭವ

ನಾನು ಹಲವು ವರ್ಷಗಳಿಂದ ದಾಳ ಉರುಳಿಸುತ್ತ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟವನ್ನು, ಹೆಚ್ಚಾಗಿ 2014ರ ನಿಯಮಗಳ ಪ್ರಕಾರ, ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆಯನ್ನೂ ಶತ್ರುಗಳನ್ನೂ ಆಡಿಸುವ ಸ್ಥಾನದಲ್ಲಿ, ನಡೆಸುತ್ತ ಬಂದಿದ್ದೇನೆ. ಪಾತ್ರಗಳು ಐದನೇ ಲೆವೆಲ್ ಮುಟ್ಟಿದೊಡನೆ ಮಾಂತ್ರಿಕನಿಗೆ ಫೈರ್‌ಬಾಲ್‌ನಂಥ ಮಂತ್ರಗಳು ದಕ್ಕುತ್ತವೆ, ಯೋಧನಿಗೆ ಒಂದೇ ಸರದಿಯಲ್ಲಿ ಎರಡು ಏಟು ಹೊಡೆಯುವ ಬಲ ಬರುತ್ತದೆ. ಅಲ್ಲಿಂದ ಮುಂದೆ ಶತ್ರುಗಳ ಕೈಗೂ ತಡೆಯುವ ಉಪಾಯ ಕೊಡದಿದ್ದರೆ ಕಾಳಗ ಸಪ್ಪೆಯಾಗುತ್ತದೆ. ಅತಿಯಾಗಿ ಕೊಟ್ಟರೆ ಆಟಗಾರರು ಪ್ರೀತಿಯಿಂದ ಬೆಳೆಸಿದ ಪಾತ್ರ ಏನೂ ಮಾಡಲಾಗದೆ ನಿಂತುಬಿಡುತ್ತದೆ. ಆದ್ದರಿಂದ ಪ್ರತಿ ಕಾಳಗವನ್ನು ಹೆಣೆಯುವಾಗ ನಾನು ಒಂದು ನಿಯಮ ಪಾಲಿಸುತ್ತೇನೆ: ಮಾಂತ್ರಿಕನನ್ನು ಕಟ್ಟಿಹಾಕುವ ತಡೆಯನ್ನು ಯೋಧ ಮುರಿಯುವಂತಿರಬೇಕು, ಯೋಧನನ್ನು ನಿಲ್ಲಿಸುವ ತಡೆಯನ್ನು ಮಾಂತ್ರಿಕ ಬಿಡಿಸುವಂತಿರಬೇಕು.

ಬೇರೆಯವರು ಹೇಳುತ್ತಿರುವ ಮಂತ್ರವನ್ನು ಕೆಡಿಸುವ ಕೌಂಟರ್‌ಸ್ಪೆಲ್ ಎಂಬ ಮಂತ್ರ ಇದಕ್ಕೆ ಒಳ್ಳೆಯ ಪರೀಕ್ಷೆ. ಅರವತ್ತು ಅಡಿಯೊಳಗೆ ಕಣ್ಣಿಗೆ ಬಿದ್ದವರ ಮಂತ್ರ ಮೂರನೇ ಲೆವೆಲ್‌ನದೋ ಅದಕ್ಕಿಂತ ಕೆಳಗಿನದೋ ಆಗಿದ್ದರೆ (ಮಂತ್ರದ ಲೆವೆಲ್ ಪಾತ್ರದ ಲೆವೆಲ್‌ಗಿಂತ ಬೇರೆ), ದಾಳ ಉರುಳಿಸುವ ಅಗತ್ಯವೂ ಇಲ್ಲದೆ ಅದು ಅಳಿಸಿಹೋಗುತ್ತದೆ. ಆದರೆ ನಿಯಮಪುಸ್ತಕದ ‘ಮೇಜ್’ ಎಂಬ ಮಂತ್ರವಾದಿ ಶತ್ರುವಿಗೆ ಮೂರನೇ ಲೆವೆಲ್‌ನ ಸ್ಲಾಟ್‌ಗಳು, ಅಂದರೆ ಆ ಲೆವೆಲ್‌ನ ಮಂತ್ರ ಹೇಳುವ ಅವಕಾಶಗಳು, ಇರುವುದು ಮೂರೇ, ಮತ್ತು ಫೈರ್‌ಬಾಲ್, ಫ್ಲೈ (ಹಾರುವ ಮಂತ್ರ), ಕೌಂಟರ್‌ಸ್ಪೆಲ್ ಮೂರಕ್ಕೂ ಅವನ್ನೇ ಹಂಚಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಒಂದು ಸುತ್ತಿಗೆ ಒಂದೇ ರಿಯಾಕ್ಷನ್, ಅಂದರೆ ಇನ್ನೊಬ್ಬರು ಮಾಡಿದ್ದಕ್ಕೆ ತಕ್ಷಣ ಕೊಡುವ ಪ್ರತಿಕ್ರಿಯೆ, ಮತ್ತು ಕೌಂಟರ್‌ಸ್ಪೆಲ್‌ಗೂ ಅದೇ ಬೇಕು. ಒಂದು ಕಾಳಗದಲ್ಲಿ ನಮ್ಮ ಯೋಧ ಅಂಥ ಮೇಜ್‌ನ ಪಕ್ಕಕ್ಕೇ ನುಗ್ಗಿ ಕತ್ತಿ ಬೀಸಿದಾಗ ಒಟ್ಟು 18 ಬಿತ್ತು. ಮೇಜ್‌ನ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ, 15. ಶೀಲ್ಡ್ ಮಂತ್ರ ಹೇಳಿದರೆ 20 ಆಗಿ ಏಟು ತಪ್ಪುತ್ತದೆ, ಆದರೆ ಅದಕ್ಕೆ ರಿಯಾಕ್ಷನ್ ಖರ್ಚಾಗುತ್ತದೆ. ಉಳಿದಿದ್ದ ಹಿಟ್ ಪಾಯಿಂಟ್‌ಗಳು (ಜೀವಬಲದ ಅಂಕಗಳು) ಕೆಲವೇ ಆದ್ದರಿಂದ ಅವನು ಶೀಲ್ಡ್ ಹೇಳಲೇಬೇಕಾಯಿತು. ಮರುಗಳಿಗೆಯಲ್ಲೇ ನಮ್ಮ ಮಾಂತ್ರಿಕ, ಎದುರಾಳಿಯನ್ನು ಅಲುಗಾಡದಂತೆ ಹಿಡಿಯುವ ಹೋಲ್ಡ್ ಪರ್ಸನ್ ಮಂತ್ರ ಪ್ರಯೋಗಿಸಿದಾಗ ಅದನ್ನು ತಡೆಯಲು ಮೇಜ್‌ನ ಬಳಿ ಏನೂ ಉಳಿದಿರಲಿಲ್ಲ. ಕತ್ತಿಯ ಏಟು ತಪ್ಪಿತ್ತು, ಆದರೂ ಮಂತ್ರಕ್ಕೆ ದಾರಿ ಬಿಡಿಸಿಕೊಟ್ಟಿದ್ದು ಅದೇ ಏಟು. ಇಂಥ ಕ್ಷಣಗಳಿಗಾಗಿಯೇ ನಾನು ಮಂತ್ರವಾದಿ ಶತ್ರುವನ್ನು ಯೋಧ ಓಡಿ ತಲುಪಲಾರದ ಗೋಪುರದ ತುದಿಯಲ್ಲಿ ನಿಲ್ಲಿಸುವುದಿಲ್ಲ.

ಇದರ ಜೊತೆಗೆ, ಯಾರೇ ಆಗಲಿ ಮೊದಲು ‘ಮಂತ್ರ ಹೇಳುತ್ತಿದ್ದೇನೆ’ ಎಂದಷ್ಟೇ ಹೇಳಬೇಕು, ತಡೆಯುವವರು ನಿರ್ಧರಿಸಿದ ಮೇಲೆಯೇ ಮಂತ್ರದ ಹೆಸರು ಹೇಳಬೇಕು ಎಂಬ ಕಟ್ಟುಪಾಡು ನಮ್ಮಲ್ಲಿದೆ. ಅದು ನನಗೂ ಅನ್ವಯಿಸುತ್ತದೆ. 2024ರ ಪರಿಷ್ಕೃತ ನಿಯಮಗಳಲ್ಲಿ ಕೌಂಟರ್‌ಸ್ಪೆಲ್‌ಗೆ ಗುರಿಯಾಗಿ ಮಂತ್ರ ಹೇಳುವವನಿಗೆ ಕಾನ್ಸ್ಟಿಟ್ಯೂಷನ್ ಸೇವ್, ಅಂದರೆ ದೇಹಬಲದಿಂದ ದಾಳ ಉರುಳಿಸಿ ಪಾರಾಗುವ ಅವಕಾಶ, ಸಿಗುತ್ತದೆ, ಅದು ಸೋತು ಮಂತ್ರ ಕೆಟ್ಟರೂ ಅವನ ಸ್ಲಾಟ್ ಉಳಿಯುತ್ತದೆ. ಈ ಬದಲಾವಣೆ ನನಗೆ ಬಹಳ ಹಿಡಿಸಿದೆ.

ಯೋಧನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅವನನ್ನು ತಡೆಯುವ ಉಪಾಯಗಳು ಸದ್ದಿಲ್ಲದೆ ಬರುತ್ತವೆ. ಶತ್ರು ಮೇಲಕ್ಕೆ ಹಾರಿದರೆ ಸಾಕು, ಕತ್ತಿ ಹಿಡಿದವನಿಗೆ ಯಾವ ಸೇವ್ ಕೂಡ ಇಲ್ಲ. ಉಕ್ಕಿನ ಕವಚದ ಮೇಲೆ ಲೋಹವನ್ನು ಕಾಯಿಸುವ ಹೀಟ್ ಮೆಟಲ್ ಮಂತ್ರ ಬಿದ್ದರೆ ಪ್ರತಿ ಸುತ್ತಿನಲ್ಲೂ 2ಡಿ8 (ಎಂಟು ಮುಖದ ಎರಡು ದಾಳಗಳ ಮೊತ್ತದಷ್ಟು) ಹಾನಿ ತಟ್ಟುತ್ತದೆ, ಆದರೆ ಪೂರ್ಣ ಕವಚ ಕಳಚಲು ಐದು ನಿಮಿಷ ಬೇಕು, ಅಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಆದ್ದರಿಂದ ನಮ್ಮ ಗುಂಪಿನಲ್ಲಿ ನಡೆಯುತ್ತಿರುವ ಮಂತ್ರವನ್ನು ಅಳಿಸುವ ಡಿಸ್ಪೆಲ್ ಮ್ಯಾಜಿಕ್ ಬಲ್ಲವರೋ, ಮಂತ್ರ ಉಳಿಸಿಕೊಳ್ಳಲು ಶತ್ರುವಿಗೆ ಬೇಕಾದ ಏಕಾಗ್ರತೆ ಕೆಡಿಸುವಂತೆ ದೂರದಿಂದ ಬಾಣ ಬಿಡುವವರೋ ಇದ್ದರೆ ಮಾತ್ರ ನಾನು ಆ ಮಂತ್ರವನ್ನು ಶತ್ರುವಿಗೆ ಕೊಡುತ್ತೇನೆ. ಹಾರುವ ಶತ್ರುಗಳನ್ನು ತರುವಾಗಲೂ ಮಾಂತ್ರಿಕನ ಬಳಿ ಫ್ಲೈ ಇದೆಯೇ, ಯೋಧನನ್ನು ಮೇಲಕ್ಕೆ ಕಳಿಸಲು ಅವನು ಸಿದ್ಧನಿದ್ದಾನೆಯೇ ಎಂದು ಮೊದಲೇ ನೋಡಿಕೊಳ್ಳುತ್ತೇನೆ.

ಎರಡೂ ಕಡೆಯ ತೂಕ ತಾನಾಗಿಯೇ ಕೂಡಿಬಂದಿರುವುದು ಬಿಹೋಲ್ಡರ್ ಎಂಬ ಪ್ರಾಣಿಯಲ್ಲಿ. ಅದರ ನಡುಗಣ್ಣಿನಿಂದ ಹೊರಡುವ 150 ಅಡಿ ಉದ್ದದ ಶಂಕುವಿನೊಳಗೆ ಯಾವ ಮಂತ್ರವೂ ನಡೆಯುವುದಿಲ್ಲ, ಮಂತ್ರದ ಕತ್ತಿಯೂ ಬರಿಯ ಕತ್ತಿಯಾಗುತ್ತದೆ. ಆದರೆ ಅದರ ಉಳಿದ ಕಣ್ಣುಗಳಿಂದ ಹೊರಡುವ ಮಂತ್ರದ ಕಿರಣಗಳೂ ಅಲ್ಲಿ ಕೆಲಸ ಮಾಡುವುದಿಲ್ಲ. ಶಂಕು ಮಾಂತ್ರಿಕನ ಕಡೆ ತಿರುಗಿದರೆ ಅವನು ಕಿರಣಗಳಿಂದ ಪಾರಾಗುತ್ತಾನೆ, ಯೋಧನ ಕಡೆ ತಿರುಗಿದರೆ ಮಾಂತ್ರಿಕನ ಕೈ ಬಿಚ್ಚುತ್ತದೆ. ಬಿಹೋಲ್ಡರ್ ನೆಲ ಮುಟ್ಟದೆ ತೇಲುವುದರಿಂದ, ನಾನು ಅದರ ಗುಹೆಯಲ್ಲಿ ಹತ್ತಿ ನಿಲ್ಲಬಹುದಾದ ಕಲ್ಲಿನ ಜಗಲಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಡುತ್ತೇನೆ. ಇಲ್ಲದಿದ್ದರೆ ಕತ್ತಿಯವನು ಕೆಳಗೆ ನಿಂತು ನೋಡುತ್ತಿರಬೇಕಾಗುತ್ತದೆ.

ಒಂದು ಕಡೆ ಮಾತ್ರ ನಾನು ನಿಯಮಕ್ಕೆ ಸ್ವಂತದ್ದನ್ನು ಸೇರಿಸಿದ್ದೇನೆ. ವಯಸ್ಕ ಕೆಂಪು ಡ್ರ್ಯಾಗನ್ ದಿನಕ್ಕೆ ಮೂರು ಬಾರಿ, ಸೋತ ಸೇವ್ ಅನ್ನು ಗೆದ್ದಂತೆ ಮಾಡಿಕೊಳ್ಳಬಹುದು. ಆಗ ಮಾಂತ್ರಿಕನ ಸರದಿ ಕಣ್ಣಿಗೆ ಕಾಣುವ ಯಾವ ಫಲವೂ ಇಲ್ಲದೆ ಕಳೆದುಹೋಗುತ್ತದೆ. ನಮ್ಮ ಆಟದಲ್ಲಿ ಡ್ರ್ಯಾಗನ್ ಈ ಶಕ್ತಿಯನ್ನು ಬಳಸಿದಾಗಲೆಲ್ಲ ಅದರ ಚಿಪ್ಪುಗಳು ಬಿರಿದು, ಅದರ ಮುಂದಿನ ಸರದಿ ಮುಗಿಯುವವರೆಗೆ ಆರ್ಮರ್ ಕ್ಲಾಸ್ 19ರಿಂದ 17ಕ್ಕೆ ಇಳಿಯುತ್ತದೆ. ಈಗ ಮಾಂತ್ರಿಕ ಮಂತ್ರ ಹೇಳುವ ಮೊದಲು ಯೋಧನ ಸರದಿ ಯಾವಾಗ ಎಂದು ಕೇಳುತ್ತಾನೆ.